ಸಮ್ಮೋಹನ ಚಿಕಿತ್ಸೆ ಮತ್ತು ಮಾನವ ಸ್ವಾತಂತ್ರ್ಯ: ಅಬ್ಬೆ ಫರಿಯಾರ ಬೆಳಕಿನಲ್ಲಿ ಒಂದು ದೈವಶಾಸ್ತ್ರೀಯ ವಿವೇಚನೆ

ಪೀಠಿಕೆ

"ವೈದ್ಯರು ಹಿಪ್ನೋಥೆರಪಿ ಮಾಡಿಸಿಕೊಳ್ಳಿ ಎಂದಿದ್ದಾರೆ. ಕ್ರೈಸ್ತಳಾದ ನಾನು ಅದಕ್ಕೆ ಒಪ್ಪಬಹುದೇ, ಫಾದರ್? ಅದು ವಶೀಕರಣವಲ್ಲವೇ?" ಧರ್ಮಕೇಂದ್ರಗಳಲ್ಲಿ ಸೇವೆ ಸಲ್ಲಿಸುವ ಗುರುಗಳಿಗೆ ಇಂತಹ ಪ್ರಶ್ನೆ ಇಂದು ಅಪರೂಪವಲ್ಲ. ಇದಕ್ಕೆ ಎರಡು ಅವಸರದ ಉತ್ತರಗಳು ಸದಾ ಸಿದ್ಧವಾಗಿರುತ್ತವೆ. ಇದು ಮಾಟಮಂತ್ರದ ಜಾತಿಗೆ ಸೇರಿದ್ದು, ದೂರವಿರಿ ಎಂಬುದು ಒಂದು. ಇದು ವಿಜ್ಞಾನದ ವಿಷಯ, ವಿಶ್ವಾಸಕ್ಕೂ ಇದಕ್ಕೂ ಸಂಬಂಧವಿಲ್ಲ ಎಂಬುದು ಇನ್ನೊಂದು. ಮೊದಲನೆಯ ಉತ್ತರವು ನೊಂದವರಿಗೆ ನ್ಯಾಯವಾಗಿ ಸಿಗಬೇಕಾದ ಪರಿಹಾರವನ್ನು ತಪ್ಪಿಸುತ್ತದೆ. ಎರಡನೆಯದು ಅವರ ನಿಜವಾದ ಆತಂಕವನ್ನು ಕೇಳಿಸಿಕೊಳ್ಳುವುದೇ ಇಲ್ಲ.

ಆ ಆತಂಕವಾದರೂ ಏನು? ನನ್ನ ಮನಸ್ಸು ಬೇರೊಬ್ಬರ ಕೈವಶವಾಗಿಬಿಟ್ಟರೆ ನನ್ನ ಗತಿಯೇನು ಎಂಬುದು. ಇದು ಅಜ್ಞಾನದ ಭಯವಲ್ಲ. ದೇವರ ಪ್ರತಿರೂಪದಲ್ಲಿ ಸೃಷ್ಟಿಯಾದ ಮಾನವನು ತನ್ನ ಸಂಕಲ್ಪಶಕ್ತಿಯನ್ನು ಮತ್ತೊಬ್ಬ ಮಾನವನಿಗೆ ಒಪ್ಪಿಸಬಹುದೇ ಎಂಬ ಗಂಭೀರ ದೈವಶಾಸ್ತ್ರೀಯ ಪ್ರಶ್ನೆ ಅದರ ಹಿಂದಿದೆ. ಸಮ್ಮೋಹನದಲ್ಲಿ ಕೆಲಸ ಮಾಡುವ ಶಕ್ತಿ ಯಾರದು? ಈ ಪ್ರಶ್ನೆಗೆ ಇನ್ನೂರು ವರ್ಷಗಳ ಹಿಂದೆಯೇ ಸ್ಪಷ್ಟ ಉತ್ತರ ಕೊಟ್ಟವರು ಗೋವೆಯ ಒಬ್ಬ ಕಥೋಲಿಕ ಗುರು ಎಂಬುದು ನಮ್ಮ ಗುರುವಿದ್ಯಾರ್ಥಿಗಳಲ್ಲಿ ಅನೇಕರಿಗೆ ತಿಳಿದಿಲ್ಲ. ಅವರ ಉತ್ತರವು ಸಮ್ಮೋಹನ ಚಿಕಿತ್ಸೆಯನ್ನು ಅಳೆಯಲು ಮಾತ್ರವಲ್ಲ, ನಮ್ಮ ಪಾಲನಾ ಸೇವೆಯನ್ನು ಪರೀಕ್ಷಿಸಿಕೊಳ್ಳಲು ಸಹ ಒಂದು ಅಳತೆಗೋಲು ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

1. ಗಾಸ್ನರ್, ಮೆಸ್ಮರ್ ಮತ್ತು 1784ರ ಆಯೋಗ

ಈ ಚರಿತ್ರೆಯ ಹೊಸ್ತಿಲಲ್ಲಿ ಇಬ್ಬರು ಎದುರುಬದುರಾಗಿ ನಿಲ್ಲುತ್ತಾರೆ. ಒಬ್ಬರು ಯೊಹಾನ್ ಯೋಸೆಫ್ ಗಾಸ್ನರ್ ಎಂಬ ಗುರು. ದಕ್ಷಿಣ ಜರ್ಮನಿಯ ಊರುಗಳಲ್ಲಿ ಅವರು ಭೂತೋಚ್ಚಾಟನೆಯ ಮೂಲಕ ರೋಗ ವಾಸಿಮಾಡುತ್ತಾರೆಂದು ಸಾವಿರಾರು ಜನ ಮುತ್ತುತ್ತಿದ್ದರು. ಅವರು ಆಜ್ಞಾಪಿಸಿದೊಡನೆ ರೋಗಿಯಲ್ಲಿ ನಡುಕ, ಸೆಳೆತ ಕಾಣಿಸಿಕೊಳ್ಳುತ್ತಿತ್ತು. ಮತ್ತೆ ಆಜ್ಞಾಪಿಸಿದರೆ ನಿಂತುಹೋಗುತ್ತಿತ್ತು. ಇನ್ನೊಬ್ಬರು ವಿಯೆನ್ನಾದ ವೈದ್ಯ ಫ್ರಾಂಟ್ಸ್ ಆಂಟನ್ ಮೆಸ್ಮರ್. 1775ರಲ್ಲಿ ಬವೇರಿಯದ ಅಧಿಕಾರಿಗಳು ಗಾಸ್ನರ್ ಅವರ ವಿಷಯದಲ್ಲಿ ಮೆಸ್ಮರ್ ಅವರ ಅಭಿಪ್ರಾಯ ಕೇಳಿದರು. ಭೂತದ ಪ್ರಸ್ತಾಪವೇ ಇಲ್ಲದೆ ಅದೇ ಬಗೆಯ ಪರಿಣಾಮಗಳನ್ನು ಮೆಸ್ಮರ್ ಮಾಡಿ ತೋರಿಸಿದರು. ಗಾಸ್ನರ್ ಪ್ರಾಮಾಣಿಕರೇ, ಆದರೆ ತಮಗರಿವಿಲ್ಲದೆ "ಪ್ರಾಣಿಕಾಂತಶಕ್ತಿ"ಯನ್ನು ಬಳಸುತ್ತಿದ್ದಾರೆ ಎಂಬುದು ಅವರ ತೀರ್ಪಾಗಿತ್ತು.

ಭೂತದ ಸ್ಥಾನಕ್ಕೆ ಈಗ ಒಂದು ಅದೃಶ್ಯ ದ್ರವ ಬಂದಿತು. ವೈದ್ಯನ ಕೈಗಳಿಂದ ಅದು ರೋಗಿಯ ದೇಹಕ್ಕೆ ಹರಿಯುತ್ತದೆಂದು ಮೆಸ್ಮರ್ ನಂಬಿದ್ದರು. ಅವರು ಪ್ಯಾರಿಸಿಗೆ ಹೋದ ಮೇಲೆ ಈ ಚಿಕಿತ್ಸೆ ಅಲ್ಲಿನ ಶ್ರೀಮಂತರ ಗೀಳಾಯಿತು. ದೊರೆ ಹದಿನಾರನೆಯ ಲೂಯಿ 1784ರಲ್ಲಿ ಒಂದು ಆಯೋಗವನ್ನು ನೇಮಿಸಿದ. ಬೆಂಜಮಿನ್ ಫ್ರಾಂಕ್ಲಿನ್ ಮತ್ತು ರಸಾಯನಶಾಸ್ತ್ರಜ್ಞ ಲವಾಸಿಯೆ ಅದರ ಸದಸ್ಯರಲ್ಲಿದ್ದರು. ಫ್ರಾಂಕ್ಲಿನ್ ಅವರ ತೋಟದಲ್ಲಿ ಮೆಸ್ಮರ್ ಅವರ ಶಿಷ್ಯರೊಬ್ಬರು ಒಂದು ಏಪ್ರಿಕಾಟ್ ಮರಕ್ಕೆ ಕಾಂತಶಕ್ತಿಯನ್ನು ತುಂಬಿದರು. ಕಣ್ಣಿಗೆ ಬಟ್ಟೆ ಕಟ್ಟಿದ 12 ವರ್ಷದ ಹುಡುಗನೊಬ್ಬನನ್ನು ಒಂದೊಂದೇ ಮರದ ಬಳಿಗೆ ಕರೆದೊಯ್ಯಲಾಯಿತು. ನಾಲ್ಕನೆಯ ಮರದ ಕೆಳಗೆ ಅವನು ಮೂರ್ಛೆಹೋದ. ಆದರೆ ಶಕ್ತಿ ತುಂಬಿದ ಮರ ಅದಾಗಿರಲಿಲ್ಲ! ದ್ರವವೆಂಬುದೇ ಇಲ್ಲ, ಪರಿಣಾಮಗಳು ಮುಖ್ಯವಾಗಿ ರೋಗಿಯ ಕಲ್ಪನೆಯಿಂದ ಉಂಟಾಗುತ್ತವೆ ಎಂದು ಆಯೋಗ ನಿರ್ಣಯಿಸಿತು.

ಅದೇ ಆಯೋಗ ದೊರೆಗೆ ಒಂದು ಗುಪ್ತ ವರದಿಯನ್ನೂ ಸಲ್ಲಿಸಿತು. ಚಿಕಿತ್ಸೆ ನೀಡುವವರು ಗಂಡಸರು, ಪಡೆಯುವವರಲ್ಲಿ ಹೆಚ್ಚಿನವರು ಹೆಂಗಸರು. ಈ ಸಾಮೀಪ್ಯದಲ್ಲಿ ನೈತಿಕ ಅಪಾಯವಿದೆ ಎಂದು ಅದು ಎಚ್ಚರಿಸಿತು. ದ್ರವವು ಸುಳ್ಳಾದರೂ ಅಧಿಕಾರ ಸುಳ್ಳಲ್ಲ ಎಂಬ ಈ ಒಳನೋಟವನ್ನು ನಾವು ಮರೆಯಬಾರದು.

2. ಗೋವೆಯ ಗುರುವಿನ ಉತ್ತರ

"ಎಲ್ಲವೂ ಕಲ್ಪನೆ" ಎಂದು ವಿದ್ವಾಂಸರು ವಿಷಯವನ್ನು ಅಲ್ಲಿಗೇ ಕೈಬಿಟ್ಟರು. ಕಲ್ಪನೆಯೊಂದು ದೇಹವನ್ನು ಹೀಗೆ ನಡುಗಿಸಬಲ್ಲದಾದರೆ ಅದೇ ಒಂದು ಮಹತ್ವದ ಸಂಗತಿಯಲ್ಲವೇ ಎಂದು ಅವರು ಕೇಳಲಿಲ್ಲ. ಆ ಪ್ರಶ್ನೆಯನ್ನು ಕೇಳಿದವರು ಅಬ್ಬೆ ಫರಿಯಾ.

ಜೋಸೆ ಕುಸ್ತೋದಿಯೊ ದ ಫರಿಯಾ ಜನಿಸಿದ್ದು 1756ರಲ್ಲಿ, ಗೋವೆಯ ಬಾರ್ದೇಶ್ ಪ್ರಾಂತದ ಕಾಂದೊಳಿಯಲ್ಲಿ. ಹದಿಹರೆಯದಲ್ಲೇ ತಂದೆಯೊಂದಿಗೆ ಪೋರ್ಚುಗಲ್ಲಿಗೆ ಹೋದ ಅವರು ರೋಮಿನಲ್ಲಿ ದೈವಶಾಸ್ತ್ರವನ್ನು ಅಭ್ಯಸಿಸಿ 1780ರಲ್ಲಿ ಗುರುದೀಕ್ಷೆ ಪಡೆದರು. ಗೋವೆಯಲ್ಲಿ ಇಂದಿಗೂ ಹೇಳುವ ಒಂದು ಐತಿಹ್ಯವಿದೆ. ಪ್ರತಿಷ್ಠಿತ ಸಭೆಯೊಂದರ ಮುಂದೆ ಪ್ರಬೋಧನೆಗೆ ನಿಂತ ಯುವ ಫರಿಯಾ ಭಯದಿಂದ ಮಾತು ಮರೆತರಂತೆ. ಆಗ ತಂದೆ ಹಿಂದಿನಿಂದ ಮೆಲ್ಲಗೆ ಕೊಂಕಣಿಯಲ್ಲಿ, ಎದುರಿಗಿರುವವರೆಲ್ಲ ಬರೀ ಸೊಪ್ಪು ತರಕಾರಿ, ಕೊಚ್ಚಿಹಾಕು ಎಂದರಂತೆ. ಒಡನೆಯೇ ಭಯ ಹಾರಿಹೋಗಿ ಮಾತು ಹರಿಯಿತು. ಕಥೆ ನಿಜವೋ ಅಲ್ಲವೋ, ಅದರ ಸಾರ ಸ್ಪಷ್ಟ: ಮಾತು ತಂದೆಯದು, ಕೆಲಸ ಮಾಡಿದ್ದು ಮಗನ ಮನಸ್ಸು. ಗೋವೆಯಿಂದ ವಲಸೆ ಬಂದ ಪೂರ್ವಜರ ನುಡಿಯನ್ನು ಇಂದಿಗೂ ಆಡುವ ನಮ್ಮ ಕರಾವಳಿಯ ವಿಶ್ವಾಸಿಗಳಿಗೆ ಈ ಕಥೆಯ ಸೊಗಸು ಹೆಚ್ಚು ಆಪ್ತವಾದೀತು.

1788ರಲ್ಲಿ ಪ್ಯಾರಿಸಿಗೆ ಬಂದ ಫರಿಯಾ, 1813ರಿಂದ ಅಲ್ಲಿನ ಕ್ಲಿಶಿ ಬೀದಿಯಲ್ಲಿ ಸಾರ್ವಜನಿಕ ಉಪನ್ಯಾಸ ಮತ್ತು ಪ್ರಯೋಗಗಳನ್ನು ನಡೆಸಿದರು. ಅವರ ವಿಧಾನ ಬಹು ಸರಳ. ಎದುರಿಗಿರುವವರನ್ನು ಆರಾಮವಾಗಿ ಕೂರಿಸಿ, ಕಣ್ಣು ಮುಚ್ಚಿ ನಿದ್ರೆಯ ಮೇಲೆ ಮನಸ್ಸಿಡಲು ಹೇಳಿ, ಸ್ವಲ್ಪ ಹೊತ್ತಿನ ನಂತರ ಗಂಭೀರ ಸ್ವರದಲ್ಲಿ "ನಿದ್ರಿಸಿ!" ಎನ್ನುತ್ತಿದ್ದರು. ದ್ರವವಿಲ್ಲ, ಕೈ ಸವರುವುದಿಲ್ಲ, ಅಯಸ್ಕಾಂತವಿಲ್ಲ. ಈ ಸ್ಥಿತಿಗೆ ಎಲ್ಲರೂ ಹೋಗಲಾರರೆಂಬುದನ್ನೂ ಅವರು ಗುರುತಿಸಿದ್ದರು. ಅದಕ್ಕೆ ರಕ್ತದ ತೆಳುತನ ಕಾರಣವೆಂದು ಅವರು ಊಹಿಸಿದ್ದು ತಪ್ಪು. ಆದರೆ ಮುಖ್ಯ ವಿಷಯದಲ್ಲಿ ಅವರು ತಪ್ಪಲಿಲ್ಲ. ನಿದ್ರೆ ತರಿಸುವವನಿಂದ ಏನೂ ಹೊರಡುವುದಿಲ್ಲ. ಎಲ್ಲವೂ ನಿದ್ರಿಸುವವನೊಳಗೇ, ಅವನ ಏಕಾಗ್ರತೆ ಮತ್ತು ನಂಬಿಕೆಯಿಂದಲೇ ಸಂಭವಿಸುತ್ತದೆ ಎಂಬುದೇ ಅವರ ಸಿದ್ಧಾಂತ. ಇಲ್ಲಿ ಸೈತಾನನ ಕೈವಾಡವಿದೆ ಎಂದವರಿಗೂ, ಕಾಂತದ್ರವವಿದೆ ಎಂದವರಿಗೂ ಅವರು ಒಂದೇ ಉತ್ತರ ಕೊಟ್ಟರು: ಇದು ದೇವರು ಸೃಷ್ಟಿಸಿದ ಮಾನವ ಸ್ವಭಾವದ ಸಹಜ ಸಾಮರ್ಥ್ಯ.

ಇದರಿಂದ ಅವರಿಗೆ ದೊರೆತದ್ದು ಅಪಹಾಸ್ಯ. 1816ರಲ್ಲಿ ಪ್ಯಾರಿಸಿನ ರಂಗಭೂಮಿಯಲ್ಲೇ ಅವರನ್ನು ಗೇಲಿಮಾಡಲಾಯಿತು. ಬಡತನದಲ್ಲಿ ಬರೆದ ಗ್ರಂಥದ ಮೊದಲ ಸಂಪುಟವಷ್ಟೇ 1819ರಲ್ಲಿ ಮುದ್ರಣಗೊಂಡಿತು. ಅದೇ ವರ್ಷ ಅವರು ತೀರಿಕೊಂಡರು. ಅಲೆಕ್ಸಾಂಡರ್ ಡ್ಯೂಮಾ ತನ್ನ "ದಿ ಕೌಂಟ್ ಆಫ್ ಮಾಂಟೆ ಕ್ರಿಸ್ಟೊ" ಕಾದಂಬರಿಯ ಪಾತ್ರವೊಂದಕ್ಕೆ ಅವರ ಹೆಸರಿಟ್ಟ. ಆದರೆ ಅವರ ವಿಚಾರಕ್ಕೆ ಮನ್ನಣೆ ದೊರೆತದ್ದು, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನ್ಯಾನ್ಸಿಯ ವೈದ್ಯ ಬರ್ನ್‌ಹೈಮ್ ಸಮ್ಮೋಹನಕ್ಕೆ ಮೂಲ "ಸೂಚನೆ"ಯೇ ಎಂದು ಪ್ರತಿಪಾದಿಸಿದಾಗ.

3. ಇಂದಿನ ವೈದ್ಯಶಾಸ್ತ್ರದಲ್ಲಿ ಅದರ ಸ್ಥಾನ

1843ರಲ್ಲಿ ಜೇಮ್ಸ್ ಬ್ರೇಡ್ ಎಂಬ ಶಸ್ತ್ರವೈದ್ಯರು ತಮ್ಮ ಗ್ರಂಥದ ಮೂಲಕ "ಹಿಪ್ನೋಟಿಸಂ" ಎಂಬ ಪದವನ್ನು ಬಳಕೆಗೆ ತಂದರು. ಗ್ರೀಕಿನಲ್ಲಿ "ಹಿಪ್ನೋಸ್" ಎಂದರೆ ನಿದ್ರೆ. ಆದರೆ ಸಮ್ಮೋಹನವು ನಿದ್ರೆಯಲ್ಲ. ಗಮನವು ಒಂದೆಡೆ ನೆಲೆಗೊಂಡು, ಸುತ್ತಲಿನ ಅರಿವು ಹಿಂದೆ ಸರಿದು, ಸೂಚನೆಗಳಿಗೆ ಮನಸ್ಸು ಹೆಚ್ಚಾಗಿ ಸ್ಪಂದಿಸುವ ಎಚ್ಚರದ ಸ್ಥಿತಿ ಅದು. ಇದರ ಸಣ್ಣ ರೂಪಗಳು ನಿತ್ಯಜೀವನದಲ್ಲೇ ಇವೆ. ಕಾದಂಬರಿಯಲ್ಲಿ ಮುಳುಗಿದವನಿಗೆ ಕರೆದದ್ದು ಕೇಳಿಸುವುದಿಲ್ಲ. ಬಿದ್ದು ಮಂಡಿ ತರಚಿಕೊಂಡ ಮಗುವಿಗೆ ತಾಯಿ "ಉಫ್" ಎಂದು ಊದಿ, "ನೋಡು, ನೋವು ಹಾರಿಹೋಯಿತು" ಎಂದರೆ ಅಳು ನಿಲ್ಲುತ್ತದೆ. ತಾಯಿ ಮಗುವನ್ನು ವಂಚಿಸಲಿಲ್ಲ. ಮಗುವಿನ ಗಮನವನ್ನು ನೋವಿನಿಂದ ಬಿಡಿಸಿದಳು.

ಚಿಕಿತ್ಸೆಯ ಕೊಠಡಿಯಲ್ಲೂ ಇದಕ್ಕಿಂತ ನಿಗೂಢವಾದದ್ದು ನಡೆಯುವುದಿಲ್ಲ. ಮೊದಲು ರೋಗಿಯ ಚರಿತ್ರೆ, ತೊಂದರೆ ಮತ್ತು ಗುರಿಗಳ ಬಗ್ಗೆ ಮಾತುಕತೆ. ನಂತರ ಉಸಿರಾಟ, ಸ್ನಾಯುಗಳ ಸಡಿಲಿಕೆ ಅಥವಾ ಒಂದು ಕಲ್ಪನಾಚಿತ್ರದ ಮೂಲಕ ಗಮನದ ಕೇಂದ್ರೀಕರಣ. ಆಮೇಲೆ ಒಪ್ಪಿದ ಗುರಿಗೆ ತಕ್ಕ ಸೂಚನೆಗಳು. ಕೊನೆಗೆ ಸಾಮಾನ್ಯ ಎಚ್ಚರಕ್ಕೆ ಮರಳುವುದು. ರೋಗಿಗೆ ಸಾಮಾನ್ಯವಾಗಿ ಎಲ್ಲವೂ ಕೇಳಿಸುತ್ತಿರುತ್ತದೆ, ನೆನಪೂ ಇರುತ್ತದೆ. ಎಲ್ಲರ ಗ್ರಹಣಶಕ್ತಿ ಒಂದೇ ಅಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1959ರಲ್ಲಿ ರೂಪುಗೊಂಡ ಮಾಪಕಗಳಿಂದ ಹೆಚ್ಚಿನ ಜನ ಮಧ್ಯಮ ಪ್ರಮಾಣದಲ್ಲೂ, ಕೆಲವರು ಬಹಳ ಹೆಚ್ಚಾಗಿಯೂ, ಕೆಲವರು ಬಹಳ ಕಡಿಮೆಯಾಗಿಯೂ ಸ್ಪಂದಿಸುತ್ತಾರೆಂದು ತಿಳಿದುಬಂದಿದೆ. ಶಕ್ತಿಯು ಸಮ್ಮೋಹಕನದಾಗಿದ್ದರೆ ಈ ವ್ಯತ್ಯಾಸವನ್ನು ವಿವರಿಸುವುದು ಕಷ್ಟ.

ಯಾವುದಕ್ಕೆ ಇದು ಉಪಯುಕ್ತ? ನೋವಿನ ನಿರ್ವಹಣೆಯಲ್ಲಿ ಇದಕ್ಕೆ ಒಳ್ಳೆಯ ಆಧಾರವಿದೆ. 1997ರಲ್ಲಿ ಮಾಂಟ್ರಿಯಲ್‌ನ ಸಂಶೋಧಕರು ಸ್ವಯಂಸೇವಕರ ಕೈಯನ್ನು ನೋವುಂಟುಮಾಡುವಷ್ಟು ಬಿಸಿಯಾದ ನೀರಿನಲ್ಲಿರಿಸಿ, ನೋವಿನ ಅಹಿತವನ್ನು ಸಮ್ಮೋಹನದ ಸೂಚನೆಯಿಂದ ಹೆಚ್ಚು ಕಡಿಮೆ ಮಾಡಿದರು. ನೋವಿನ ಸಂಕಟಕ್ಕೆ ಸಂಬಂಧಿಸಿದ ಮಿದುಳಿನ ಭಾಗದ ಚಟುವಟಿಕೆಯೂ ಅದಕ್ಕೆ ಅನುಗುಣವಾಗಿ ಬದಲಾಯಿತು. ಹೊಟ್ಟೆನೋವು, ಮಲಬದ್ಧತೆ, ಭೇದಿಗಳಿಂದ ಕಾಡುವ ಕೆರಳಿದ ಕರುಳಿನ ತೊಂದರೆಗೆ 1984ರಲ್ಲಿ ಮ್ಯಾಂಚೆಸ್ಟರಿನ ವೈದ್ಯರು 30 ಮಂದಿಯ ಮೇಲೆ ನಡೆಸಿದ ಪ್ರಯೋಗ ಪ್ರಸಿದ್ಧವಾದುದು. ಔಷಧಗಳಿಗೆ ಬಗ್ಗದ ಅಂತಹ ರೋಗಿಗಳಿಗೆ ಬ್ರಿಟನ್ನಿನ ಅಧಿಕೃತ ಮಾರ್ಗಸೂಚಿಯು ಇದನ್ನು ಪರಿಗಣಿಸಬಹುದೆನ್ನುತ್ತದೆ. ಶಸ್ತ್ರಚಿಕಿತ್ಸೆಗೆ ಮುಂಚಿನ ಆತಂಕಕ್ಕೂ ಇದು ನೆರವಾಗುತ್ತದೆ. ಆದರೆ ಧೂಮಪಾನ ಬಿಡಿಸುವಲ್ಲಿ ಇದು ಇತರ ವಿಧಾನಗಳಿಗಿಂತ ಮೇಲೆಂಬುದಕ್ಕೆ ಸಾಕಷ್ಟು ಸಾಕ್ಷ್ಯವಿಲ್ಲ. ತೀವ್ರ ಖಿನ್ನತೆಯಲ್ಲಿ ಔಷಧ ಮತ್ತು ಮನಶ್ಚಿಕಿತ್ಸೆಗೆ ಇದು ಬದಲಿಯಲ್ಲ. ಭ್ರಮೆ, ಭ್ರಾಂತಿಗಳಿರುವ ಮನೋರೋಗಗಳಲ್ಲಿ ಇದರಿಂದ ಕೇಡೂ ಆಗಬಹುದು. ಒಟ್ಟಿನಲ್ಲಿ ಸಮ್ಮೋಹನವು ಸ್ವತಂತ್ರ ವೈದ್ಯಪದ್ಧತಿಯಲ್ಲ, ತರಬೇತಾದ ಚಿಕಿತ್ಸಕರ ಕೈಯಲ್ಲಿರುವ ಒಂದು ಪೂರಕ ಉಪಕರಣ.

ಅತ್ಯಂತ ದೊಡ್ಡ ಅಪಾಯವಿರುವುದು ನೆನಪಿನ ವಿಷಯದಲ್ಲಿ. ಸಮ್ಮೋಹನದಲ್ಲಿ ಹೊರಬಂದ ನೆನಪುಗಳು ಹೆಚ್ಚು ನಂಬಲರ್ಹವಲ್ಲ, ಅವುಗಳಲ್ಲಿ ಕಲ್ಪಿತ ನೆನಪುಗಳು ಬೆರೆತಿರಬಹುದು ಎಂದು ಅಮೆರಿಕದ ವೈದ್ಯಕೀಯ ಸಂಘದ ವರದಿ 1985ರಲ್ಲೇ ಎಚ್ಚರಿಸಿತು. ವ್ಯಕ್ತಿಯು ಸುಳ್ಳು ಹೇಳುವುದಿಲ್ಲ. ಸೂಚನೆಯಿಂದ ಹುಟ್ಟಿದ ಚಿತ್ರವನ್ನೇ ನಿಜವಾದ ನೆನಪೆಂದು ದೃಢವಾಗಿ ನಂಬುತ್ತಾನೆ. ಇಂತಹ ನೆನಪಿನ ಆಧಾರದಿಂದ ಕುಟುಂಬಗಳು ಒಡೆಯಬಹುದು, ನಿರಪರಾಧಿಯ ಮೇಲೆ ಆರೋಪ ಬರಬಹುದು. "ಪೂರ್ವಜನ್ಮ ಚಿಕಿತ್ಸೆ"ಯ ಬುಡವೂ ಇದೇ. ಮಾನವನು ಒಮ್ಮೆ ಮಾತ್ರ ಸಾಯುತ್ತಾನೆಂಬ ಹಿಬ್ರಿಯರಿಗೆ ಬರೆದ ಪತ್ರದ ಬೋಧನೆಗೆ ಅದು ವಿರುದ್ಧವಾದುದು ಮಾತ್ರವಲ್ಲ, ಮನೋವಿಜ್ಞಾನದ ದೃಷ್ಟಿಯಿಂದಲೂ ಆಧಾರರಹಿತವಾದುದು.

4. ಧರ್ಮಸಭೆಯ ಬೋಧನೆ

ಧರ್ಮಸಭೆಯು ಸಮ್ಮೋಹನವನ್ನು ಸಾರಾಸಗಟಾಗಿ ಖಂಡಿಸಿದೆ ಎಂಬ ತಪ್ಪು ಅಭಿಪ್ರಾಯ ನಮ್ಮಲ್ಲಿದೆ. 1847ರಲ್ಲಿ ರೋಮಿನ ಹೋಲಿ ಆಫೀಸ್ ನೀಡಿದ ತೀರ್ಮಾನವು ಸೂಕ್ಷ್ಮವಾದುದು. ಎಲ್ಲ ಮೂಢನಂಬಿಕೆ, ಮಾಟ ಮತ್ತು ದುಷ್ಟಾತ್ಮಗಳ ಆವಾಹನೆಯನ್ನು ದೂರವಿಟ್ಟು, ನ್ಯಾಯವಾದ ಭೌತಿಕ ಸಾಧನಗಳನ್ನು ಕೆಟ್ಟ ಉದ್ದೇಶವಿಲ್ಲದೆ ಬಳಸುವುದು ನೈತಿಕವಾಗಿ ನಿಷಿದ್ಧವಲ್ಲ ಎಂದು ಅದು ಹೇಳಿತು. ಆದರೆ ದೈವಿಕ ಸತ್ಯಗಳನ್ನು ಭೌತಿಕ ತತ್ತ್ವಗಳಿಂದ ವಿವರಿಸಹೊರಡುವುದನ್ನು ತಿರಸ್ಕರಿಸಿತು. 1856ರಲ್ಲಿ ಧರ್ಮಾಧ್ಯಕ್ಷರಿಗೆ ಬರೆದ ಪತ್ರವು ಕಣಿ ಹೇಳುವುದು, ಸತ್ತವರ ಆತ್ಮಗಳನ್ನು ಕರೆಯುವುದು ಮುಂತಾದ ದುರುಪಯೋಗಗಳನ್ನು ಖಂಡಿಸಿತು. ಪೋಪ್ ಹನ್ನೆರಡನೆಯ ಪಿಯುಸ್ ಅವರು 1957ರ ಫೆಬ್ರವರಿ 24ರಂದು ಅರಿವಳಿಕೆ ತಜ್ಞರನ್ನು ಉದ್ದೇಶಿಸಿ ಮಾತನಾಡುತ್ತಾ, ವೈದ್ಯಕೀಯ ಉದ್ದೇಶಕ್ಕಾಗಿ ಸಮ್ಮೋಹನದಿಂದ ಪ್ರಜ್ಞೆಯನ್ನು ತಗ್ಗಿಸುವುದಕ್ಕೂ ಔಷಧದಿಂದ ತಗ್ಗಿಸುವುದಕ್ಕೂ ಅನ್ವಯಿಸುವ ನೀತಿ ಒಂದೇ ಎಂದರು. ಅದೇ ಉಸಿರಿನಲ್ಲಿ, ಇದು ಕುತೂಹಲಕ್ಕಾಗಿ ಶ್ರೀಸಾಮಾನ್ಯರೋ ಗುರುಗಳೋ ಆಡುವ ಆಟವಲ್ಲ, ಗಂಭೀರ ವಿಜ್ಞಾನಿಗಳ ಕೆಲಸ ಎಂದೂ ಎಚ್ಚರಿಸಿದರು. "ಗುರುಗಳೋ" ಎಂಬುದನ್ನು ನಾವು ಅಡಿಗೆರೆ ಎಳೆದು ಓದಬೇಕು.

ಇದಕ್ಕೆ ತಾತ್ವಿಕ ಬುನಾದಿಯನ್ನು ಸಂತ ತೋಮಸ್ ಅಕ್ವಿನಾಸರಲ್ಲಿ ಕಾಣಬಹುದು. ವಿವೇಕದ ವ್ಯಾಪಾರವು ಆಗಾಗ ತಡೆಗೊಳ್ಳುವುದು ತನ್ನಷ್ಟಕ್ಕೆ ಸದ್ಗುಣಕ್ಕೆ ವಿರುದ್ಧವಲ್ಲ; ಹಾಗಿದ್ದಲ್ಲಿ ಮಲಗಿ ನಿದ್ರಿಸುವುದೂ ಪಾಪವಾಗುತ್ತಿತ್ತು ಎಂದು ಅವರು "ಸುಮ್ಮಾ ತೆಯೊಲೋಗಿಯಾ"ದಲ್ಲಿ ತರ್ಕಿಸುತ್ತಾರೆ. ವಿವೇಕವೇ ವಿವೇಕಯುತ ಕಾರಣಕ್ಕಾಗಿ ತನ್ನ ಕೆಲಸವನ್ನು ಕ್ಷಣಕಾಲ ಬಿಟ್ಟುಕೊಡಬಹುದು. ಹಾಗಾಗಿ ಪ್ರಜ್ಞೆ ತಗ್ಗಿತೇ ಎನ್ನುವುದಕ್ಕಿಂತ, ಯಾರ ನಿರ್ಧಾರದಿಂದ, ಯಾವ ಉದ್ದೇಶಕ್ಕಾಗಿ, ಎಷ್ಟು ಕಾಲ, ಯಾರ ಕೈಯಲ್ಲಿ ತಗ್ಗಿತು ಎನ್ನುವುದೇ ನೈತಿಕ ಪ್ರಶ್ನೆ. ಸ್ವಂತ ಒಪ್ಪಿಗೆಯಿಂದ, ಆರೋಗ್ಯಕ್ಕಾಗಿ, ಮರಳಿ ಪಡೆಯುವಂತೆ ಕೊಟ್ಟದ್ದು ಶರಣಾಗತಿಯಲ್ಲ. ಅದೂ ಒಂದು ಸ್ವತಂತ್ರ ಕಾರ್ಯವೇ.

5. ಅಂತರಂಗದ ಪಾವಿತ್ರ್ಯ

ಎರಡನೆಯ ವ್ಯಾಟಿಕನ್ ಮಹಾಸಭೆಯು ಮನಸ್ಸಾಕ್ಷಿಯನ್ನು ಮಾನವನು ದೇವರೊಡನೆ ಏಕಾಂತದಲ್ಲಿರುವ ಗರ್ಭಗುಡಿಯೆಂದು ಬೋಧಿಸಿದೆ. ಒಪ್ಪಿಗೆಯಿಲ್ಲದೆ ಅಲ್ಲಿಗೆ ಕಾಲಿಡುವ ಹಕ್ಕು ಯಾರಿಗೂ ಇಲ್ಲ. ಈ ಸತ್ಯದ ಒಂದು ಪ್ರತಿಧ್ವನಿ ನಮ್ಮ ನಾಡಿನಿಂದ ಹೊರಟ ಒಂದು ಮೊಕದ್ದಮೆಯಲ್ಲೂ ಕೇಳಿಬಂದಿದೆ. ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಣ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ, ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ ಮುಂತಾದವುಗಳಿಗೆ ಯಾರನ್ನೂ ಬಲವಂತವಾಗಿ ಒಳಪಡಿಸಕೂಡದೆಂದು ತೀರ್ಪಿತ್ತಿತು. ಆ ತೀರ್ಪು ಸಮ್ಮೋಹನದ ಕುರಿತಲ್ಲವಾದರೂ, ಮನಸ್ಸಿನೊಳಗಿನದನ್ನು ಅವನ ಇಚ್ಛೆಗೆ ವಿರುದ್ಧವಾಗಿ ಹೊರಗೆಳೆಯಬಾರದೆಂಬ ತತ್ತ್ವ ಎರಡಕ್ಕೂ ಒಂದೇ.

ಅಪರಾಧದ ಆರೋಪಿಗೇ ಈ ರಕ್ಷಣೆಯಿರುವಾಗ ಗುರುವಿದ್ಯಾರ್ಥಿಗೆ, ಧಾರ್ಮಿಕ ಭಗಿನಿಗೆ ಇರದೆ ಹೋದೀತೇ? ಧರ್ಮಸಭೆಯ ಕಾನೂನು ಸಂಹಿತೆಯ 630ನೆಯ ವಿಧಿಯ ಪ್ರಕಾರ, ತಮ್ಮ ಅಂತರಂಗವನ್ನು ತೆರೆದಿಡುವಂತೆ ಸಭೆಯ ಸದಸ್ಯರನ್ನು ಮೇಲಧಿಕಾರಿಗಳು ಯಾವ ರೀತಿಯಲ್ಲೂ ಪ್ರೇರೇಪಿಸಕೂಡದು. ಗುರುಪಟ್ಟದ ಅಭ್ಯರ್ಥಿಗಳ ವಿಷಯದಲ್ಲಿ ಮನೋವಿಜ್ಞಾನದ ಬಳಕೆ ಕುರಿತು ರೋಮ್ 2008ರಲ್ಲಿ ನೀಡಿದ ಮಾರ್ಗಸೂಚಿಯು ಅಭ್ಯರ್ಥಿಯ ಮುಂಚಿತವಾದ, ಸ್ಪಷ್ಟವಾದ, ತಿಳಿದು ಕೊಟ್ಟ, ಸ್ವತಂತ್ರವಾದ ಒಪ್ಪಿಗೆಯನ್ನು ಕಡ್ಡಾಯಗೊಳಿಸಿದೆ. "ಹೋಗಿ ಬಾ, ಒಳ್ಳೆಯದಾಗುತ್ತದೆ" ಎಂದು ಅಧಿಕಾರದಲ್ಲಿರುವವರು ಹೇಳಿದಾಗ ಅಧೀನದಲ್ಲಿರುವವರ ಒಪ್ಪಿಗೆ ಎಷ್ಟು ಸ್ವತಂತ್ರವೆಂಬುದನ್ನು ನಾವು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು.

6. ನಮ್ಮ ಮಾತಿನಲ್ಲಿರುವ ಸೂಚನಾಶಕ್ತಿ

ಇಲ್ಲಿಗೆ ಪ್ರಶ್ನೆಯು ನಮ್ಮ ಕಡೆಗೇ ತಿರುಗುತ್ತದೆ. ಸಮ್ಮೋಹಕನ ಕೊಠಡಿಯ ಬಗ್ಗೆ ವಿಶ್ವಾಸಿಗಳನ್ನು ಎಚ್ಚರಿಸುವ ನಾವು ನಮ್ಮ ಧ್ಯಾನಕೂಟಗಳ ಬಗ್ಗೆ ಯೋಚಿಸಿದ್ದೇವೆಯೇ? ಮಂದ ಬೆಳಕು, ಮತ್ತೆ ಮತ್ತೆ ಹಾಡುವ ಒಂದೇ ಸಾಲು, ದಣಿದ ದೇಹ, ವೇದಿಕೆಯಿಂದ ಗಟ್ಟಿಯಾದ ಆಜ್ಞೆ, ಒಬ್ಬರ ಹಿಂದೊಬ್ಬರು ನೆಲಕ್ಕೆ ಬೀಳುವುದು: ಇವು ಸೂಚನೆಗೆ ಮನಸ್ಸನ್ನು ಸಿದ್ಧಗೊಳಿಸುವ ಸಂದರ್ಭಗಳೆಂಬುದನ್ನು ಗಾಸ್ನರ್ ಅವರ ಚರಿತ್ರೆಯೇ ಹೇಳುತ್ತದೆ. ಹೀಗೆನ್ನುವುದು ಪವಿತ್ರಾತ್ಮರ ಕಾರ್ಯವನ್ನು ಅಲ್ಲಗಳೆದಂತಲ್ಲ. ದೈವಾನುಗ್ರಹವು ಮಾನವ ಸ್ವಭಾವದ ಮೂಲಕವೇ ಕೆಲಸ ಮಾಡಬಲ್ಲದು. ಆದರೆ ಸ್ವಭಾವದ ಪ್ರತಿಯೊಂದು ಕಂಪನವನ್ನೂ ಅನುಗ್ರಹವೆಂದು ಸಾರುವುದು ಅವಿವೇಕ. ಸಂತ ಪೌಲರು ಪವಿತ್ರಾತ್ಮರ ಫಲಗಳಲ್ಲಿ ಸ್ವನಿಯಂತ್ರಣವನ್ನೂ ಸೇರಿಸಿದ್ದಾರೆ. ಪ್ರವಾದಿಯ ಸ್ಫೂರ್ತಿ ಪ್ರವಾದಿಯ ಹತೋಟಿಯಲ್ಲಿರುತ್ತದೆ ಎಂದು ಕೊರಿಂಥದವರಿಗೆ ಬರೆದಿದ್ದಾರೆ. ದೇವರಾತ್ಮ ನೆಲೆಸಿದೆಡೆ ವ್ಯಕ್ತಿಯು ಹೆಚ್ಚು ತಾನಾಗುತ್ತಾನೆ, ಕಡಿಮೆಯಾಗುವುದಿಲ್ಲ.

ಇದರ ಪರಿಣಾಮ ಕೇವಲ ತಾತ್ವಿಕವಲ್ಲ. "ನೀನು ಗುಣಹೊಂದಿದ್ದೀ" ಎಂದು ವೇದಿಕೆಯಿಂದ ಕೇಳಿದ ಮಾತನ್ನು ನಂಬಿ ಮನೋರೋಗದ ಮಾತ್ರೆಗಳನ್ನು ನಿಲ್ಲಿಸಿದವರು ವಾರಗಳೊಳಗೆ ಮತ್ತೆ ಕುಸಿಯಬಹುದು. ಆ ಮಾತಿಗೆ ಹೊಣೆ ಯಾರು? ಹಾಗೆಯೇ "ಬಾಲ್ಯದಲ್ಲಿ ನಿನಗೆ ಯಾರೋ ಅನ್ಯಾಯ ಮಾಡಿರುವುದು ನನಗೆ ಕಾಣುತ್ತಿದೆ" ಎಂದು ಆಂತರಿಕ ಸೌಖ್ಯದ ಪ್ರಾರ್ಥನೆಯಲ್ಲಿ ಹೇಳುವುದು, ಚಿಕಿತ್ಸಕನು ಸುಳ್ಳು ನೆನಪನ್ನು ಬಿತ್ತುವುದಕ್ಕೆ ಸಮ. ವಿಧ್ಯುಕ್ತ ಭೂತೋಚ್ಚಾಟನೆಗೆ ಧರ್ಮಾಧ್ಯಕ್ಷರ ವಿಶೇಷ ಅನುಮತಿ ಬೇಕೆಂದು ಧರ್ಮಸಭೆಯ ಕಾನೂನು 1172ನೆಯ ವಿಧಿಯಲ್ಲಿ ನಿಯಮಿಸಿರುವುದೂ ದುರ್ಬಲರ ರಕ್ಷಣೆಗಾಗಿಯೇ.

7. ಪಾಲನಾ ಸೇವೆಗೆ ಕೆಲವು ಸೂಚನೆಗಳು

ಮೊದಲಿನ ಪ್ರಶ್ನೆಗೆ ಈಗ ಉತ್ತರಿಸಬಹುದು. ಅರ್ಹ ಮನೋವೈದ್ಯರಿಂದ, ಇಲ್ಲವೇ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾದ ಚಿಕಿತ್ಸಾ ಮನಶ್ಶಾಸ್ತ್ರಜ್ಞರಿಂದ, ನಿರ್ದಿಷ್ಟ ತೊಂದರೆಗಾಗಿ, ತಿಳಿವಳಿಕೆಯಿಂದ ಕೊಟ್ಟ ಒಪ್ಪಿಗೆಯೊಂದಿಗೆ ಸಮ್ಮೋಹನ ಚಿಕಿತ್ಸೆ ಪಡೆಯುವುದು ಪಾಪವಲ್ಲ. ಹೀಗೆ ಕೇಳಿಬಂದವರಿಗೆ ಗುರುಗಳು ನಾಲ್ಕು ಮಾತುಗಳನ್ನು ಹೇಳಬಹುದು. ಚಿಕಿತ್ಸಕರ ಅರ್ಹತೆಯನ್ನು ವಿಚಾರಿಸಿಕೊಳ್ಳಿ. ಪೂರ್ವಜನ್ಮ, ಆತ್ಮಗಳ ಸಂಪರ್ಕ ಮುಂತಾದ ಮಾತು ಬಂದರೆ ಎದ್ದು ಬನ್ನಿ. ಬಯಸಿದಲ್ಲಿ ನಂಬಿಕೆಯ ವ್ಯಕ್ತಿಯೊಬ್ಬರನ್ನು ಜೊತೆಯಲ್ಲಿ ಕರೆದೊಯ್ಯಿರಿ. ಯಾವ ಹಂತದಲ್ಲಾದರೂ ಬೇಡವೆನ್ನುವ ಹಕ್ಕು ನಿಮಗಿದೆ. ಗುರುಗಳು ಮಾತ್ರ ಸ್ವತಃ ಸಮ್ಮೋಹಕರಾಗದಿರುವುದು ಲೇಸು. ಆತ್ಮನಿರ್ದೇಶನದ ಅಧಿಕಾರ ಮತ್ತು ಚಿಕಿತ್ಸೆಯ ಅಧಿಕಾರ ಒಬ್ಬರ ಕೈಯಲ್ಲೇ ಸೇರಿದರೆ ನೊಂದವರಿಗೆ ಬೇಡವೆನ್ನಲು ಜಾಗವೇ ಉಳಿಯುವುದಿಲ್ಲ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿ ಮಾನಸಿಕ ತೊಂದರೆಗಳಿಂದ ಬಳಲುತ್ತಿದ್ದರು. ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಅಂದರೆ ಭಾನುವಾರದ ಬಲಿಪೂಜೆಗೆ ಸೇರುವ ಪ್ರತಿ ನೂರು ವಯಸ್ಕರಲ್ಲಿ ಸುಮಾರು ಹತ್ತು ಮಂದಿಗೆ ನೆರವು ಬೇಕಾಗಿರಬಹುದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯು ಪ್ರತಿ ಧರ್ಮಕೇಂದ್ರದ ಸೂಚನಾಫಲಕದಲ್ಲಿರುವುದು ಒಳಿತು.

ಉಪಸಂಹಾರ

ಪಣಜಿಯಲ್ಲಿ ಹಳೆಯ ಸಚಿವಾಲಯದ ಪಕ್ಕದಲ್ಲಿ ಫರಿಯಾರ ಪ್ರತಿಮೆಯಿದೆ. ಶಿಲ್ಪಿ ರಾಮಚಂದ್ರ ಪಾಂಡುರಂಗ ಕಾಮತ್ ಅವರ ಈ ಕೃತಿಯನ್ನು 1945ರಲ್ಲಿ ಸ್ಥಾಪಿಸಲಾಯಿತು. ನಿಲುವಂಗಿ ತೊಟ್ಟ ಗುರು ಎರಡೂ ಕೈಗಳನ್ನು ಚಾಚಿ ಬಾಗಿದ್ದಾರೆ. ಅವರ ಮುಂದೆ ಒಬ್ಬ ಸ್ತ್ರೀ ಹಿಂದಕ್ಕೆ ಒರಗುತ್ತಿದ್ದಾಳೆ. ಶಿಲ್ಪ ಮನೋಹರವಾಗಿದೆ. ಆದರೆ ಆ ಕೈಗಳಿಂದ ಏನೋ ಹರಿದುಬರುತ್ತಿದೆ ಎಂಬ ಭಾವನೆಯನ್ನು ಅದು ನೋಡುಗರಲ್ಲಿ ಮೂಡಿಸುತ್ತದೆ. ತಮ್ಮ ಕೈಗಳಿಂದ ಏನೂ ಹರಿಯುವುದಿಲ್ಲವೆಂದು ಸಾಧಿಸಲು ಜೀವಮಾನವನ್ನೇ ಸವೆಸಿದ ಗುರುವನ್ನು ನಾವು ನೆನಪಿಟ್ಟುಕೊಂಡಿರುವುದು ಹೀಗೆ! ಶಕ್ತಿಯುಳ್ಳ ಗುರುವೇ ಜನರಿಗೆ ಬೇಕು. ಆ ಆಸೆಗೆ ಮಣಿಯುವುದು ಗುರುಗಳಿಗೂ ಸುಲಭ.

ಬೆತ್ಸಥ ಕೊಳದ ಬಳಿ 38 ವರ್ಷಗಳಿಂದ ರೋಗಿಯಾಗಿದ್ದವನನ್ನು ಕಂಡ ಪ್ರಭು ಯೇಸು ಮೊದಲು ಕೇಳಿದ್ದು, ಗುಣಹೊಂದಲು ನಿನಗೆ ಮನಸ್ಸಿದೆಯೇ ಎಂದು. ಸರ್ವಶಕ್ತಿಯೂ ಯಾರ ಕೈಯಲ್ಲಿತ್ತೋ ಅವರೇ ರೋಗಿಯ ಸಂಕಲ್ಪಕ್ಕಾಗಿ ಕಾದರು. ಚಿಕಿತ್ಸಾಲಯದಲ್ಲಾಗಲಿ, ಧ್ಯಾನಕೂಟದಲ್ಲಾಗಲಿ, ನೊಂದವರ ಮುಂದೆ ನಿಲ್ಲುವ ಎಲ್ಲರೂ ಮೊದಲು ಕೇಳಬೇಕಾದ ಪ್ರಶ್ನೆ ಅದೇ. ಕೇಳಿದ ಮೇಲೆ ಅವರ ಉತ್ತರಕ್ಕಾಗಿ ಕಾಯಲೂಬೇಕು.